ಕಾರಾಗೃಹ ಸೇವೆಗೆ ಸೇರಲಿರುವವರಿಗೆ



ಚೆನ್ನೈಯ ಸೆಂಟ್ರಲ್ ರೈಲು ನಿಲ್ದಾಣದ ಸಮೀಪದಲ್ಲಿ 1837ರಲ್ಲಿ ಆರಂಭವಾದ ಮದರಾಸು ಕೇಂದ್ರ ಕಾರಾಗೃಹವು ಸುಮಾರು 170 ವರ್ಷಗಳ ಕಾಲ ಬಳಕೆಯಲ್ಲಿತ್ತು. ಸುಭಾಷ್ ಚಂದ್ರ ಬೋಸ್ ಅವರಂತಹ ಸ್ವಾತಂತ್ರ್ಯ ಹೋರಾಟಗಾರರು ಅಲ್ಲಿ ಸೆರೆವಾಸವನ್ನು ಅನುಭವಿಸಿದ್ದರು. 2006ರಲ್ಲಿ ಅಲ್ಲಿನ ಬಂದಿಗಳನ್ನು ನಗರದ ಉತ್ತರಕ್ಕಿರುವ ಪುಳಲ್‌ನ ಹೊಸ ಕಾರಾಗೃಹಕ್ಕೆ ಸ್ಥಳಾಂತರಿಸಲಾಯಿತು. 2009ರಲ್ಲಿ ಹಳೆಯ ಕಟ್ಟಡವನ್ನು ಕೆಡವಲಾಯಿತು. ಪುಳಲ್‌ನಲ್ಲಿ ಶಿಕ್ಷೆಗೆ ಗುರಿಯಾದವರಿಗೆ, ವಿಚಾರಣಾಧೀನರಿಗೆ ಹಾಗೂ ಮಹಿಳೆಯರಿಗೆ ಪ್ರತ್ಯೇಕ ಕಾರಾಗೃಹಗಳಿವೆ.

ಕಲ್ಲಿನ ಗೋಡೆಯನ್ನು ಕೆಡವಿ ಹೊಸದನ್ನು ಕಟ್ಟುವುದು ಕೆಲವು ವರ್ಷಗಳ ಕೆಲಸ. ಗೋಡೆಯ ಒಳಗಿನ ನಡವಳಿಕೆ ಬದಲಾಗುವುದು ಮಾತ್ರ ಅಲ್ಲಿ ಕೆಲಸಕ್ಕೆ ಸೇರುವ ಮನುಷ್ಯರಿಂದ. ಆದುದರಿಂದ ಕಾರಾಗೃಹ ಸೇವೆಯನ್ನು ವೃತ್ತಿಯಾಗಿ ಸ್ವೀಕರಿಸಬಯಸುವ ಯುವಕ ಯುವತಿಯರು ಆ ಕೆಲಸದ ಸ್ವರೂಪವನ್ನು ಮೊದಲೇ ಅರಿತಿರುವುದು ಒಳ್ಳೆಯದು.

ಪ್ರವೇಶದ ದಾರಿ

ಸಂವಿಧಾನದ 7ನೆಯ ಅನುಸೂಚಿಯಂತೆ ಕಾರಾಗೃಹವು ರಾಜ್ಯಗಳ ವಿಷಯ. ಹೀಗಾಗಿ ನೇಮಕಾತಿಯೂ ಆಯಾ ರಾಜ್ಯ ಸರ್ಕಾರಕ್ಕೆ ಸೇರಿದ್ದು. ತಮಿಳುನಾಡಿನಲ್ಲಿ ಎರಡನೆಯ ದರ್ಜೆಯ ಜೈಲು ವಾರ್ಡರುಗಳನ್ನು ಸಮವಸ್ತ್ರ ಸೇವೆಗಳ ನೇಮಕಾತಿ ಮಂಡಳಿ ಆಯ್ಕೆ ಮಾಡುತ್ತದೆ. ಪೊಲೀಸ್ ಕಾನ್‌ಸ್ಟೇಬಲ್, ಅಗ್ನಿಶಾಮಕ ಸಿಬ್ಬಂದಿ ಮತ್ತು ಜೈಲು ವಾರ್ಡರ್ ಈ ಮೂರೂ ಹುದ್ದೆಗಳಿಗೆ ಒಂದೇ ಸಾಮಾನ್ಯ ಪರೀಕ್ಷೆ ನಡೆಯುವುದು ರೂಢಿ. 10ನೆಯ ತರಗತಿಯ ತೇರ್ಗಡೆ ಕನಿಷ್ಠ ವಿದ್ಯಾರ್ಹತೆ. ತಮಿಳು ಭಾಷಾ ಅರ್ಹತಾ ಪರೀಕ್ಷೆ, ಲಿಖಿತ ಪರೀಕ್ಷೆ, ದೇಹದಾರ್ಢ್ಯ ಪರೀಕ್ಷೆಗಳನ್ನು ದಾಟಬೇಕು. ಹೊಸೂರು, ತಾಳವಾಡಿ ಮುಂತಾದ ಗಡಿ ಭಾಗಗಳಲ್ಲಿ ಕನ್ನಡದಲ್ಲಿ ಓದಿದವರು ತಮಿಳು ಬರವಣಿಗೆಯನ್ನು ಸಾಕಷ್ಟು ಮುಂಚಿತವಾಗಿಯೇ ಅಭ್ಯಾಸ ಮಾಡುವುದು ಅಗತ್ಯ. ಜೈಲರ್, ಸಹಾಯಕ ಜೈಲರ್ ಹುದ್ದೆಗಳಿಗೆ ತಮಿಳುನಾಡು ಲೋಕಸೇವಾ ಆಯೋಗವು ಪರೀಕ್ಷೆ ನಡೆಸುತ್ತದೆ.

ಮೂರು ಇಲಾಖೆಗಳಿಗೆ ಒಂದೇ ಪರೀಕ್ಷೆಯಾದುದರಿಂದ ಒಂದು ತೊಡಕೂ ಇದೆ. ಪೊಲೀಸ್ ಹುದ್ದೆ ಕೈತಪ್ಪಿದಾಗ ಸಿಕ್ಕಿದ ಕೆಲಸವೆಂದು ಕೆಲವರು ಕಾರಾಗೃಹವನ್ನು ಪ್ರವೇಶಿಸುತ್ತಾರೆ. ಅಂತಹ ಮನೋಭಾವದಿಂದ ಬಂದವರಿಗೆ ಲಾಠಿಯೇ ಮುಖ್ಯ ಸಾಧನವಾಗಿ ಕಾಣುತ್ತದೆ. ಆದರೆ ಈ ಎರಡು ವೃತ್ತಿಗಳ ಅಂತರ ದೊಡ್ಡದು. ಪೊಲೀಸರಿಗೆ ಆರೋಪಿಯೊಡನೆ ಇರುವ ಸಂಬಂಧ ಸಾಮಾನ್ಯವಾಗಿ ಕೆಲವು ಗಂಟೆಗಳದು, ಕೆಲವು ದಿನಗಳದು. ವಾರ್ಡರನು ಅದೇ ಮನುಷ್ಯನನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಗಲಿರುಳು ನೋಡಬೇಕಾಗುತ್ತದೆ. ಬಂದಿಯ ಪಾಲಿಗೆ ಸರ್ಕಾರವೆಂದರೆ ಆ ಒಬ್ಬ ವಾರ್ಡರನೇ.

ಶಿಕ್ಷೆಯ ಮೇರೆ

ಹೊಸಬರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ತತ್ತ್ವವೊಂದಿದೆ. ಶಿಕ್ಷೆಯನ್ನು ನಿರ್ಣಯಿಸುವುದು ನ್ಯಾಯಾಲಯ. ಅದಕ್ಕೆ ತನ್ನ ಕಡೆಯಿಂದ ಒಂದಿಷ್ಟು ಸೇರಿಸುವ ಅಧಿಕಾರ ಕಾರಾಗೃಹದ ಯಾವ ನೌಕರನಿಗೂ ಇಲ್ಲ. ಸೆರೆಗೆ ಬಂದ ಮಾತ್ರಕ್ಕೆ ಮನುಷ್ಯನು ತನ್ನ ಎಲ್ಲ ಮೂಲಭೂತ ಹಕ್ಕುಗಳನ್ನು ಕಳೆದುಕೊಳ್ಳುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಭುವನ ಮೋಹನ ಪಟ್ನಾಯಕ್ ಪ್ರಕರಣದಲ್ಲಿಯೂ 1978ರಲ್ಲಿ ಸುನಿಲ್ ಬಾತ್ರಾ ಪ್ರಕರಣದಲ್ಲಿಯೂ ಸಾರಿತು. ಅದೇ ಸುನಿಲ್ ಬಾತ್ರಾ ದೆಹಲಿಯ ತಿಹಾರ್ ಕಾರಾಗೃಹದಿಂದ, ಇನ್ನೊಬ್ಬ ಬಂದಿಯ ಮೇಲೆ ವಾರ್ಡರನೊಬ್ಬ ನಡೆಸಿದ ಹಿಂಸೆಯ ಬಗ್ಗೆ ಬರೆದ ಪತ್ರವನ್ನೇ ನ್ಯಾಯಾಲಯವು ಅರ್ಜಿಯನ್ನಾಗಿ ಸ್ವೀಕರಿಸಿತು. ಸೆರೆಮನೆಯ ಗೋಡೆ ಕಾನೂನನ್ನು ಹೊರಗೆ ನಿಲ್ಲಿಸಲಾರದು ಎಂಬುದನ್ನು ಆ ಒಂದು ಪತ್ರ ತೋರಿಸಿಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಇದೇ ನ್ಯಾಯಾಲಯವು ಜಾತಿಯನ್ನು ನೋಡಿ ಬಂದಿಗಳಿಗೆ ಕೆಲಸ ಹಂಚುವ ನಿಯಮಗಳನ್ನು ಅಸಾಂವಿಧಾನಿಕವೆಂದು ಸಾರಿತು. ಯಾರು ಅಡುಗೆ ಮಾಡಬೇಕು, ಯಾರು ಕಸ ಗುಡಿಸಬೇಕು ಎಂದು ಪ್ರತಿದಿನ ಹೇಳುವವರು ಕೆಳಹಂತದ ಸಿಬ್ಬಂದಿಯೇ ಆದುದರಿಂದ ಆ ತೀರ್ಪನ್ನು ಆಚರಣೆಗೆ ತರುವ ಹೊಣೆಯೂ ಬಹುಮಟ್ಟಿಗೆ ಅವರದೇ.

ಎಣಿಕೆ ಮತ್ತು ದಾಖಲೆ

ಕಾರಾಗೃಹದ ದಿನ ಎಣಿಕೆಯಿಂದ ಆರಂಭವಾಗಿ ಎಣಿಕೆಯಿಂದಲೇ ಮುಗಿಯುತ್ತದೆ. ಬೆಳಿಗ್ಗೆ ಬೀಗ ತೆಗೆಯುವಾಗ, ಪಾಳಿ ಬದಲಾಗುವಾಗ, ಸಂಜೆ ಬೀಗ ಹಾಕುವಾಗ ಬಂದಿಗಳ ಸಂಖ್ಯೆ ತಾಳೆಯಾಗಲೇಬೇಕು. ಹೊಸದಾಗಿ ಬಂದವರ ವಾರಂಟನ್ನು ಪರಿಶೀಲಿಸುವುದು, ಮೈಮೇಲಿನ ವಸ್ತುಗಳನ್ನು ಪಟ್ಟಿ ಮಾಡಿ ಜೋಪಾನವಾಗಿಡುವುದು, ವೈದ್ಯರ ತಪಾಸಣೆಗೆ ಕಳುಹಿಸುವುದು, ಬಂಧುಗಳ ಭೇಟಿಗೆ ವ್ಯವಸ್ಥೆ ಮಾಡುವುದು ಇವೆಲ್ಲ ನಿತ್ಯದ ಕೆಲಸಗಳು. ಹೊರನೋಟಕ್ಕೆ ಇವು ಗುಮಾಸ್ತಗಿರಿಯಂತೆ ಕಂಡರೂ ಇದರಲ್ಲಿ ಮನುಷ್ಯನ ಸ್ವಾತಂತ್ರ್ಯವೇ ಅಡಗಿದೆ.

ಒಂದು ಉದಾಹರಣೆ ಸಾಕು. 2022ರ ಕೊನೆಯಲ್ಲಿ ದೇಶದ ಕಾರಾಗೃಹಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ವರದಿ ತಿಳಿಸುತ್ತದೆ. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಹಿಂದೆಂದೂ ಶಿಕ್ಷೆಯಾಗಿರದ ಆರೋಪಿಯು ಆ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಅವಧಿಯ ಮೂರರಲ್ಲಿ ಒಂದು ಭಾಗವನ್ನು ಸೆರೆಯಲ್ಲಿ ಕಳೆದಿದ್ದರೆ ಅವನನ್ನು ಬಿಡುಗಡೆ ಮಾಡಬೇಕು. ಉಳಿದವರಿಗೆ ಈ ಮಿತಿ ಅರ್ಧ ಅವಧಿ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪಗಳಿಗೂ, ಒಂದಕ್ಕಿಂತ ಹೆಚ್ಚು ಪ್ರಕರಣ ಇರುವವರಿಗೂ ಇದು ಅನ್ವಯಿಸದು. ಈ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವ ಕರ್ತವ್ಯವನ್ನು ಕಾನೂನು ಕಾರಾಗೃಹದ ಅಧೀಕ್ಷಕರಿಗೇ ವಹಿಸಿದೆ. ಗರಿಷ್ಠ 3 ವರ್ಷ ಶಿಕ್ಷೆಯ ಆರೋಪ ಹೊತ್ತ ಮೊದಲ ಬಾರಿಯ ಆರೋಪಿಗೆ 1 ವರ್ಷ ತುಂಬಿದ ದಿನ ಈ ಅರ್ಜಿ ಸಿದ್ಧವಾಗಬೇಕು. ದಾಖಲೆ ಪುಸ್ತಕದಲ್ಲಿ ದಿನಾಂಕ ತಪ್ಪಾಗಿ ಬರೆಯಲ್ಪಟ್ಟರೆ, ವಕೀಲರನ್ನಿಡಲು ಶಕ್ತಿಯಿಲ್ಲದ ಬಡವನೊಬ್ಬ ಅಷ್ಟು ದಿನ ಹೆಚ್ಚಾಗಿ ಒಳಗೇ ಉಳಿಯುತ್ತಾನೆ. ಅವನಿಗಾಗಿ ಹೊರಗೆ ಕೇಳುವವರು ಯಾರೂ ಇರುವುದಿಲ್ಲ.

ಆಮಿಷಗಳು

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು ಎಂಬ ಮಾತಿದೆ. 1894ರ ಕಾರಾಗೃಹಗಳ ಕಾಯಿದೆಯು ನೂರು ವರ್ಷಕ್ಕೂ ಹಿಂದೆಯೇ ಈ ಅಪಾಯವನ್ನು ಗುರುತಿಸಿತ್ತು. ಬಂದಿಗೆ ಯಾವುದೇ ವಸ್ತುವನ್ನು ಮಾರುವುದಾಗಲಿ, ಅವನೊಡನೆ ನೇರವಾಗಿ ಅಥವಾ ಪರೋಕ್ಷವಾಗಿ ಹಣದ ವ್ಯವಹಾರ ಇಟ್ಟುಕೊಳ್ಳುವುದಾಗಲಿ ಕೂಡದೆಂದು ಅದರ 9ನೆಯ ಕಲಂ ವಿಧಿಸುತ್ತದೆ. ಆಮಿಷವು ಮೊದಲ ದಿನವೇ ದೊಡ್ಡ ಮೊತ್ತವಾಗಿ ಬರುವುದಿಲ್ಲ. ಒಂದು ಬೀಡಿಕಟ್ಟು, ಮನೆಗೆ ಮುಟ್ಟಿಸಬೇಕಾದ ಒಂದು ಚೀಟಿ, ಹೊರಗಿನಿಂದ ತಂದುಕೊಡಬೇಕಾದ ಒಂದು ಮೊಬೈಲ್ ಫೋನು ಹೀಗೆ ಅದು ಬೆಳೆಯುತ್ತದೆ. ಮೊದಲ ಸಣ್ಣ ಉಪಕಾರಕ್ಕೆ ಒಪ್ಪಿದವನು ಎರಡನೆಯದನ್ನು ನಿರಾಕರಿಸುವ ಧೈರ್ಯವನ್ನು ಕಳೆದುಕೊಳ್ಳುತ್ತಾನೆ. ನಯವಾಗಿ, ಆದರೆ ಖಚಿತವಾಗಿ ಆರಂಭದಲ್ಲಿಯೇ ಇಲ್ಲವೆನ್ನುವುದೇ ಕ್ಷೇಮ.

ತರಬೇತಿ

ಚೆನ್ನೈಗೆ ಹೆಚ್ಚು ದೂರವಿಲ್ಲದ ವೆಲ್ಲೂರಿನಲ್ಲಿ 1979ರಲ್ಲಿ ಸ್ಥಾಪನೆಯಾದ ಕಾರಾಗೃಹ ಮತ್ತು ಸುಧಾರಣಾ ಆಡಳಿತ ಅಕಾಡೆಮಿ ಇದೆ. ತಮಿಳುನಾಡು, ಕರ್ನಾಟಕ, ಕೇರಳ ಮತ್ತು ಅಂದಿನ ಆಂಧ್ರಪ್ರದೇಶ ಸೇರಿ ನಡೆಸಿದ ಸಂಸ್ಥೆಯಿದು. ಕರ್ನಾಟಕದ ಕಾರಾಗೃಹ ಅಧಿಕಾರಿಗಳೂ ಇಲ್ಲಿ ತರಬೇತಿ ಪಡೆಯುತ್ತಾರೆ. ಕವಾಯತು, ಆಯುಧಾಭ್ಯಾಸಗಳ ಜೊತೆಗೆ ಕಾನೂನು, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಅಪರಾಧಶಾಸ್ತ್ರಗಳನ್ನೂ ಇಲ್ಲಿ ಕಲಿಸಲಾಗುತ್ತದೆ. ನಾರ್ವೆ ದೇಶದಲ್ಲಿ ಕಾರಾಗೃಹ ಅಧಿಕಾರಿಯ ತರಬೇತಿಗೆ 2 ವರ್ಷಗಳ ಅವಧಿಯಿದೆ. ಮನುಷ್ಯರನ್ನು ಕಾಯುವ ವಿದ್ಯೆ ಬೇಗನೆ ಕೈಗೂಡುವಂಥದಲ್ಲ ಎಂಬುದನ್ನು ಇದು ಸೂಚಿಸುತ್ತದೆ. ಭಾರತದಲ್ಲಿಯೂ 1980ರಲ್ಲಿ ನೇಮಕವಾಗಿ 1983ರಲ್ಲಿ ವರದಿ ನೀಡಿದ ನ್ಯಾಯಮೂರ್ತಿ ಮುಲ್ಲಾ ಸಮಿತಿಯು ಕಾರಾಗೃಹಗಳಿಗಾಗಿಯೇ ಅಖಿಲ ಭಾರತ ಸೇವೆಯೊಂದು ಬೇಕೆಂದು ಶಿಫಾರಸು ಮಾಡಿತ್ತು.

ಕಷ್ಟವೂ ಸಾರ್ಥಕ್ಯವೂ

ಈ ವೃತ್ತಿಯ ಕಷ್ಟಗಳನ್ನು ಮರೆಮಾಚುವುದು ಸರಿಯಲ್ಲ. ರಾತ್ರಿ ಪಾಳಿ ತಪ್ಪದು. ದೀಪಾವಳಿ, ಪೊಂಗಲ್ ದಿನಗಳಲ್ಲಿ ಮನೆಯವರು ಹಬ್ಬದೂಟಕ್ಕೆ ಕುಳಿತಾಗ ವಾರ್ಡರನು ಬ್ಯಾರಕ್ಕಿನ ಮುಂದೆ ನಿಂತಿರಬೇಕಾಗುತ್ತದೆ. ಬಂದಿಗಳ ಮನಸ್ಸು ಕುಗ್ಗುವುದೂ ಇಂತಹ ದಿನಗಳಲ್ಲಿಯೇ ಆದುದರಿಂದ ಆಗ ಎಚ್ಚರ ಹೆಚ್ಚಾಗಿರಬೇಕು. ಮಾತು ಬಿಟ್ಟವನನ್ನು, ಊಟ ಬಿಟ್ಟವನನ್ನು ಗಮನಿಸಿ ಸಕಾಲದಲ್ಲಿ ಮೇಲಧಿಕಾರಿಗೂ ವೈದ್ಯರಿಗೂ ತಿಳಿಸಿದರೆ ಒಂದು ಪ್ರಾಣ ಉಳಿದೀತು. ಅನೇಕ ರಾಜ್ಯಗಳ ಜನ ಬಂದು ಸೇರುವ ಚೆನ್ನೈಯಂತಹ ನಗರದ ಕಾರಾಗೃಹದಲ್ಲಿ ತಮಿಳು ತಿಳಿಯದ ಬಂದಿಗೆ ಅವನ ಭಾಷೆಯಲ್ಲಿ ಎರಡು ಮಾತನಾಡಬಲ್ಲ ಸಿಬ್ಬಂದಿ ದೊರೆತರೆ ಅದೇ ದೊಡ್ಡ ಆಸರೆ. ಗಡಿ ಭಾಗದ ಕನ್ನಡಿಗರ ಎರಡು ಭಾಷೆಗಳ ಅರಿವು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಸಾರ್ಥಕ್ಯದ ಕುರುಹುಗಳೂ ಪುಳಲ್‌ನಲ್ಲಿಯೇ ಕಾಣಸಿಗುತ್ತವೆ. ತಮಿಳುನಾಡಿನ ಕಾರಾಗೃಹಗಳಲ್ಲಿ ತಯಾರಾದ ವಸ್ತುಗಳನ್ನು ಸಾರ್ವಜನಿಕರಿಗೆ ಮಾರುವ ಮಳಿಗೆಗಳು ನಡೆಯುತ್ತಿವೆ. 2023ರಲ್ಲಿ ಪುಳಲ್‌ನ ಮಹಿಳಾ ಬಂದಿಗಳು ನಡೆಸುವ ಪೆಟ್ರೋಲ್ ಬಂಕೊಂದು ಆರಂಭವಾಯಿತು. ಬಂದಿಯೊಬ್ಬಳ ಕೈಯಿಂದ ಅಪರಿಚಿತ ಗಿರಾಕಿಯೊಬ್ಬನು ಚಿಲ್ಲರೆ ಪಡೆದು ತನ್ನ ದಾರಿ ಹಿಡಿಯುತ್ತಾನೆ. ಆಕೆ ಮತ್ತೆ ಸಮಾಜದಲ್ಲಿ ಬದುಕಬಲ್ಲಳೆಂಬ ಭರವಸೆಗೆ ಇಂತಹ ನಿತ್ಯದ ವ್ಯವಹಾರವೇ ಬುನಾದಿ. ಅಂತಹ ಕೆಲಸಕ್ಕೆ ಯಾರನ್ನು ನಂಬಿ ಕಳುಹಿಸಬಹುದೆಂಬ ತೀರ್ಮಾನ ಆಕೆಯನ್ನು ದಿನವೂ ಕಂಡ ಸಿಬ್ಬಂದಿಯ ಅನುಭವವನ್ನು ಅವಲಂಬಿಸಿದೆ.

ಸೆರೆಯಲ್ಲಿರುವ ಬಹುಪಾಲು ಜನ ಒಂದಲ್ಲ ಒಂದು ದಿನ ಹೊರಗೆ ಬಂದು ಯಾರದೋ ನೆರೆಮನೆಯಲ್ಲಿ ಬಾಳುವವರು. ಅವರು ಕಹಿಯನ್ನು ಹೊತ್ತು ಬರುವರೋ, ಕಲಿತ ಕಸುಬನ್ನು ಹೊತ್ತು ಬರುವರೋ ಎಂಬುದು ಒಳಗೆ ಕಂಡ ನಡವಳಿಕೆಯನ್ನು ಬಹುಮಟ್ಟಿಗೆ ಅನುಸರಿಸುತ್ತದೆ. ಈ ಹೊಣೆಯನ್ನು ಅರಿತು ಅರ್ಜಿ ತುಂಬುವ ಯುವಕ ಯುವತಿಯರು ಕಾರಾಗೃಹ ಸೇವೆಗೆ ಬೇಕಾಗಿದ್ದಾರೆ. ಕೈಯಲ್ಲಿ ಬೀಗದ ಕೈಗೊಂಚಲು ಬಂದ ಮೊದಲ ದಿನದಿಂದಲೇ ಅವರು ನೇರವಾದ ಲೆಕ್ಕ, ಸೌಮ್ಯವಾದ ಮಾತು, ಶುದ್ಧವಾದ ಕೈ ಈ ಮೂರನ್ನು ರೂಢಿಸಿಕೊಳ್ಳಲಿ.