ಕಲ್ಲು ಕರಗಿಸುವ ಸೂಕ್ಷ್ಮಜೀವಿಗಳು
(ಕಣಗಿನಹಾಳದಲ್ಲಿ ಕೂಡಿದ ರೈತರ ಸಭೆಯಲ್ಲಿ ಮಾಡಿದ ಭಾಷಣ)



1905ರಲ್ಲಿ ಈ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಸಣ್ಣವರು ಒಟ್ಟುಗೂಡಿದರೆ ದೊಡ್ಡ ಕೆಲಸವಾಗುತ್ತದೆಂದು ಕಣಗಿನಹಾಳಕ್ಕೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಇಂದು ನಾನು ಹೇಳಬಂದಿರುವುದು ಇನ್ನೂ ಸಣ್ಣವರ ಸಂಗತಿ. ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನೊಳಗಿನ ತಾಮ್ರ, ಬಂಗಾರಗಳನ್ನು ಬಿಡಿಸಿಕೊಡುವ ಸಂಗತಿ.

ಇದು ಮಾಟವಲ್ಲ, ಮಂತ್ರವಲ್ಲ. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಮೊಸರಾಗುತ್ತದೆ. ತಿಪ್ಪೆಯ ಕಸ ಗೊಬ್ಬರವಾಗುತ್ತದೆ. ಶೇಂಗಾ ಬಳ್ಳಿಯನ್ನು ಕಿತ್ತರೆ ಬೇರಿನಲ್ಲಿ ಗಂಟುಗಳು ಕಾಣುತ್ತವೆ. ಅಲ್ಲಿರುವ ಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಬೆಳೆಗೆ ಕೊಡುತ್ತವೆ. ಇವೆಲ್ಲವೂ ಸೂಕ್ಷ್ಮಜೀವಿಗಳ ದುಡಿಮೆಯೇ. ಒಂದೊಂದು ಜೀವಿಗೆ ಒಂದೊಂದು ಆಹಾರ.

ಹಾಗಾದರೆ ಕಲ್ಲು ತಿನ್ನುವ ಜೀವಿ ಯಾವುದು? 1947ರಲ್ಲಿ ಅಮೇರಿಕದ ಇಬ್ಬರು ವಿಜ್ಞಾನಿಗಳು ಕಲ್ಲಿದ್ದಲ ಗಣಿಯಿಂದ ಹರಿದುಬರುವ ಹುಳಿ ನೀರನ್ನು ಪರೀಕ್ಷಿಸಿ, ಆ ಹುಳಿಗೆ ಒಂದು ಜೀವಿ ಕಾರಣವೆಂದು ತೋರಿಸಿದರು. ಅದಕ್ಕೆ ಈಗ ಅಸಿಡಿಥಯೋಬ್ಯಾಸಿಲಸ್ ಫೆರೋಆಕ್ಸಿಡನ್ಸ್ ಎಂದು ಹೆಸರು. ಹೆಸರು ಉದ್ದ, ಜೀವಿ ಮಾತ್ರ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಇದಕ್ಕೆ ಬಿಸಿಲು ಬೇಡ, ಗೊಬ್ಬರ ಬೇಡ. ಗಾಳಿ, ನೀರು ಮತ್ತು ಕಬ್ಬಿಣ-ಗಂಧಕ ಕೂಡಿದ ಕಲ್ಲು ಇದ್ದರೆ ಸಾಕು. ಅದು ಕಲ್ಲನ್ನು ಅರಗಿಸಿ ಗಂಧಕದ ಆಮ್ಲವನ್ನು, ಅಂದರೆ ಬ್ಯಾಟರಿಯಲ್ಲಿ ಹಾಕುವಂಥ ಆಮ್ಲವನ್ನು, ಹುಟ್ಟಿಸುತ್ತದೆ. ಆ ಆಮ್ಲದಲ್ಲಿ ಕಲ್ಲಿನೊಳಗಿನ ತಾಮ್ರ ಕರಗಿ ನೀರಿಗೆ ಇಳಿಯುತ್ತದೆ.

ನೀರಿಗೆ ಇಳಿದ ತಾಮ್ರವನ್ನು ತಿರುಗಿ ಪಡೆಯುವುದು ಹೇಗೆ? ಬೋರ್ಡೋ ದ್ರಾವಣ ಮಾಡಿದವರಿಗೆ ಇದು ಗೊತ್ತು. ಮೈಲುತುತ್ತದ ನೀರಿನಲ್ಲಿ ಕುಡುಗೋಲು ಅದ್ದಿದರೆ ಅಲಗಿನ ಮೇಲೆ ಕೆಂಪು ಬಣ್ಣ ಕೂಡುತ್ತದೆ. ಅದೇ ತಾಮ್ರ. ಗಣಿಗಳಲ್ಲಿಯೂ ಹಿಂದಿನಿಂದ ಹೀಗೆಯೇ ಹಳೆಯ ಕಬ್ಬಿಣವನ್ನು ನೀರಿಗೆ ಹಾಕಿ ತಾಮ್ರವನ್ನು ಕೂಡಿಸುತ್ತಿದ್ದರು. ಸ್ಪೇನ್ ದೇಶದ ರಿಯೊ ಟಿಂಟೊ ಗಣಿಯವರು ಜೀವಿಯ ಸುದ್ದಿ ತಿಳಿಯುವ ಮೊದಲೇ ಅದರ ದುಡಿಮೆಯನ್ನು ಬಳಸಿಕೊಂಡಿದ್ದರು.

ಬಂಗಾರದ ಮಾತು ಬೇರೆ. ಬಂಗಾರ ಈ ಆಮ್ಲದಲ್ಲಿ ಕರಗುವುದಿಲ್ಲ. ಆದರೆ ಕೆಲವು ಅದಿರಿನಲ್ಲಿ ಬಂಗಾರದ ಸಣ್ಣ ಕಣಗಳು ಗಂಧಕದ ಕಲ್ಲಿನೊಳಗೆ, ಸಿಪ್ಪೆಯೊಳಗಿನ ಕಾಳಿನಂತೆ, ಅಡಗಿರುತ್ತವೆ. ಅರೆದು ಸೈನೈಡ್ ಹಾಕಿದರೂ ಕೈಗೆ ಬರುವುದಿಲ್ಲ. ಜೀವಿಗಳು ಸಿಪ್ಪೆಯನ್ನು ತಿಂದು ತೆಗೆದರೆ ಕಾಳು ಹೊರಗೆ ಬೀಳುತ್ತದೆ. ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ 1986ರಿಂದ ದೊಡ್ಡ ತೊಟ್ಟಿಗಳಲ್ಲಿ ಗಾಳಿ ಊದಿ ಈ ಕೆಲಸ ನಡೆಸಿದರು. ನಮ್ಮ ನಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಕೆ. ಎ. ನಟರಾಜನ್ ಅವರು ಇದರ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದರು. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ ಪ್ರಾಯೋಗಿಕ ಘಟಕವೂ ಆಯಿತು.

"ಇದರಿಂದ ನಮಗೇನು?" ಎಂದು ನೀವು ಕೇಳಬಹುದು. ನಮ್ಮ ಕಪ್ಪತಗುಡ್ಡವನ್ನು ನೆನೆಯಿರಿ. ಅಲ್ಲಿಯ ಹಳ್ಳಗಳ ಮರಳನ್ನು ಜಾಲಿಸಿ ಬಂಗಾರ ತೆಗೆಯುವ ಜಾಲಗಾರರಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿಯೇ ಈ ಪ್ರದೇಶದ ಬಂಗಾರದ ಕಲ್ಲುಗಳ ವಿಷಯ ಬರೆದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಗಣಿ ತೋಡಿ ಬಿಟ್ಟುಹೋದವು. ಈ ಕಲ್ಲಿನಲ್ಲಿ ಗಂಧಕ ಉಂಟು, ಪಾಷಾಣವೆಂದು ಕರೆಯುವ ಆರ್ಸೆನಿಕ್ ಕೂಡ ಉಂಟು. ಜನರ ಹೋರಾಟದ ತರುವಾಯ 2019ರಲ್ಲಿ ಗುಡ್ಡವನ್ನು ವನ್ಯಜೀವಿ ಧಾಮವೆಂದು ಘೋಷಿಸಿದರು.

ಈ ಜೀವಿಗೆ ಗಣಿಯ ತೊಟ್ಟಿಯೂ ಒಂದೇ, ಬಯಲಿನ ಕಲ್ಲುರಾಶಿಯೂ ಒಂದೇ ಎಂಬುದನ್ನು ಮರೆಯಬಾರದು. ಗಂಧಕದ ಕಲ್ಲನ್ನು ಅಗೆದು ಹೊರಗೆ ಸುರಿದು ಬಿಟ್ಟರೆ ಮಳೆ ಮತ್ತು ಗಾಳಿ ತಗುಲಿ ಅಲ್ಲಿಯೂ ಅದು ದುಡಿಯುತ್ತದೆ. ಹುಳಿ ನೀರು, ಪಾಷಾಣ ಎಲ್ಲವೂ ಹಳ್ಳಕ್ಕೆ ಇಳಿದು, ಹಳ್ಳದಿಂದ ಬಾವಿಗೂ ಹೊಲಕ್ಕೂ ಸೇರಬಹುದು. ತೊಟ್ಟಿಯಲ್ಲಿ ಕೆಲಸ ಮಾಡಿಸುವವರು ಸುಣ್ಣ ಹಾಕಿ ಹುಳಿಯನ್ನು ಮುರಿದು, ಪಾಷಾಣವನ್ನು ತಳಕ್ಕೆ ಕೂರಿಸಿ, ಆ ಗಷ್ಟನ್ನು ಸೋರದ ಕೊಳದಲ್ಲಿ ಕಾಯಬೇಕು. ಕುಡುಗೋಲು ಕೆಂಪಾದರೆ ಇನ್ನಷ್ಟು ಸುಣ್ಣ ಹಾಕುತ್ತೀರಲ್ಲ, ಹಾಗೆಯೇ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅರೆದ ಮಣ್ಣಿನ ಗುಡ್ಡಗಳು ಅಲ್ಲಿಯೇ ಉಳಿದಿವೆ. ಗಣಿಯ ಆಯುಷ್ಯ ಕೆಲವು ದಶಕ, ಗಷ್ಟಿನ ಆಯುಷ್ಯ ತಲೆತಲಾಂತರ. ಆದ್ದರಿಂದ ಎಲ್ಲಿಯೇ ಆಗಲಿ ಗಣಿಯ ವಿಷಯವಾಗಿ ಸಾರ್ವಜನಿಕ ಸಭೆ ಕರೆದರೆ ಹೋಗಿ ನಾಲ್ಕು ಪ್ರಶ್ನೆ ಕೇಳಿರಿ. ಒಂದು, ಹೊರಗೆ ಬಿದ್ದ ಕಲ್ಲನ್ನು ಎಲ್ಲಿ ಇಡುತ್ತೀರಿ? ಎರಡು, ಮಳೆನೀರು ಅದರೊಳಗೆ ಇಳಿಯದಂತೆ ಏನು ಮಾಡಿದ್ದೀರಿ? ಮೂರು, ನಮ್ಮ ಬಾವಿಯ ನೀರನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ? ನಾಲ್ಕು, ಗಣಿ ಮುಚ್ಚಿದ ಮೇಲೆ ಕಾಯುವವರಾರು?

ಇನ್ನೊಂದು ಎಚ್ಚರಿಕೆ. ಹಳೆಯ ಮೊಬೈಲು, ಟಿ.ವಿ.ಗಳ ತುಣುಕಿನಿಂದಲೂ ಜೀವಿಗಳ ನೆರವಿನಿಂದ ತಾಮ್ರ ತೆಗೆಯಬಹುದೆಂದು ಪ್ರಯೋಗಗಳು ತೋರಿಸಿವೆ. ಇದು ಮನೆಯಂಗಳದ ಕೆಲಸವಲ್ಲ. ಆಮ್ಲ ಸುರಿದು, ತಂತಿ ಸುಟ್ಟು ತಾಮ್ರ ತೆಗೆಯಲು ಹುಡುಗರನ್ನು ಬಿಡಬೇಡಿರಿ. ಆ ಹೊಗೆ ವಿಷ.

ರೈತನಿಗೆ ಹೊಂದುವ ಕೆಲಸ ಬೇರೆ ಇದೆ. ಮಣ್ಣಿನಲ್ಲಿ ಗಟ್ಟಿಯಾಗಿ ಕೂತ ರಂಜಕವನ್ನು ತಮ್ಮ ಹುಳಿಯಿಂದ ಕರಗಿಸಿ ಬೆಳೆಗೆ ಕೊಡುವ ಜೀವಿಗಳು ಪೊಟ್ಟಣಗಳಲ್ಲಿ ದೊರೆಯುತ್ತವೆ. ಕಡಲೆ, ಶೇಂಗಾ ಬಿತ್ತುವ ಮೊದಲು ಪೊಟ್ಟಣದ ಮೇಲಿನ ಪ್ರಮಾಣದಂತೆ ಬೆಲ್ಲದ ಅಂಟಿನಲ್ಲಿ ಕಲಸಿ ಬೀಜಕ್ಕೆ ಲೇಪಿಸಿರಿ, ನೆರಳಿನಲ್ಲಿ ಆರಿಸಿರಿ, ಅವಧಿ ಮೀರಿದ ಪೊಟ್ಟಣವನ್ನು ಕೊಳ್ಳಬೇಡಿರಿ.

ಕಾಣದ ಜೀವಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದನ್ನು ಅರಿತು ದುಡಿಸಿಕೊಂಡರೆ ಆಳು, ಮರೆತು ಬಿಟ್ಟರೆ ಹಾಳು.