ಬಾನಿನ ಕಸ, ಉಪಗ್ರಹದ ಮೈ

ಹೈದರಾಬಾದಿನ ಸನತ್‌ನಗರಕ್ಕೆ ಹೊಂದಿಕೊಂಡೇ ಬಾಲಾನಗರವಿದೆ. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇರುವುದು ಅಲ್ಲೇ. ನೆರೆ ಎಲ್ಲಿಯವರೆಗೆ ಹಬ್ಬಿತು, ಯಾವ ಕಾಡಿಗೆ ಬೆಂಕಿ ಬಿತ್ತು ಎಂಬುದನ್ನು ಉಪಗ್ರಹಗಳ ಚಿತ್ರ ನೋಡಿ ಹೇಳುವ ಸಂಸ್ಥೆ ಅದು. ಆ ಉಪಗ್ರಹಗಳ ಮೈಗೆ ಬಾಹ್ಯಾಕಾಶದ ಕಸದಿಂದ ಒದಗಿರುವ ಅಪಾಯವೇ ಇಂದಿನ ವಿಷಯ.

ಕೆಟ್ಟುಹೋದ ಉಪಗ್ರಹ, ಕೆಲಸ ಮುಗಿದ ರಾಕೆಟ್ ಹಂತ, ಅವು ಸಿಡಿದ ಚೂರು, ಉದುರಿದ ಬಣ್ಣದ ಚಕ್ಕೆ ಇವೆಲ್ಲ ಕಸವೇ. ಒಂದು ಸೆಂಟಿಮೀಟರಿಗಿಂತ ದೊಡ್ಡ ಚೂರುಗಳು 10 ಲಕ್ಷಕ್ಕೂ ಹೆಚ್ಚಿವೆ ಎಂಬುದು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಇವು ಬಡಿಯುವ ವೇಗ ಸರಾಸರಿ ಸೆಕೆಂಡಿಗೆ 10 ಕಿಲೋಮೀಟರ್. ಒಂದು ಸೆಂಟಿಮೀಟರ್ ಅಡ್ಡಳತೆಯ ಅಲ್ಯೂಮಿನಿಯಂ ಗುಂಡು ಒಂದೂವರೆ ಗ್ರಾಂ ಕೂಡ ತೂಗದು. ಆದರೂ ಅದರ ಹೊಡೆತ ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಗುದ್ದಿದಷ್ಟು. ಅದೂ ಬೆರಳ ತುದಿಯಷ್ಟು ಜಾಗದ ಮೇಲೆ.

ಇಂಥ ಹೊಡೆತಕ್ಕೆ ಗಟ್ಟಿ ಲೋಹವೂ ದ್ರವದಂತೆ ಚಿಮ್ಮಿ ಕುಳಿ ಬೀಳುತ್ತದೆ. ಗಾಜು ಸುತ್ತಲೂ ಬಿರಿಯುತ್ತದೆ. ಕಾರ್ಬನ್ ನಾರಿನ ಹಲಗೆಯ ಪದರಗಳು ಕಿತ್ತುಬರುತ್ತವೆ. 1983ರಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಕಿಟಕಿಗೆ ಬಣ್ಣದ ಚಕ್ಕೆಯೊಂದು ಬಡಿದು ಗಾಜನ್ನೇ ಬದಲಿಸಬೇಕಾಯಿತು. 2016ರಲ್ಲಿ ಕೆಲವೇ ಮಿಲಿಮೀಟರಿನ ಕಣ ತಾಗಿ, ಯುರೋಪಿನ ಸೆಂಟಿನೆಲ್-1ಎ ಉಪಗ್ರಹದ ಸೌರಫಲಕದಲ್ಲಿ ಸುಮಾರು 40 ಸೆಂಟಿಮೀಟರ್ ಅಗಲಕ್ಕೆ ಹಾನಿಯಾಯಿತು.

ರಕ್ಷಣೆಗೆ ದಪ್ಪ ಗೋಡೆ ಕಟ್ಟಿದರೆ ತೂಕ ಏರುತ್ತದೆ. ಖಗೋಳ ವಿಜ್ಞಾನಿ ಫ್ರೆಡ್ ವಿಪಲ್ 1947ರಲ್ಲೇ ಬೇರೆ ಉಪಾಯ ಹೇಳಿದರು: ಗೋಡೆಯ ಮುಂದೆ, ಸ್ವಲ್ಪ ಅಂತರ ಬಿಟ್ಟು, ತೆಳುವಾದ ಹಾಳೆ. ಕಣ ಆ ಹಾಳೆಗೆ ಬಡಿದು ಪುಡಿಯಾಗುತ್ತದೆ. ಪುಡಿ ಹರಡಿಕೊಂಡು ಬಲಗುಂದಿ ಗೋಡೆ ಸೇರುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಈ ಕವಚವಿದೆ. ಅದು ತಡೆಯುವುದು ಸುಮಾರು ಒಂದು ಸೆಂಟಿಮೀಟರಿನವರೆಗೆ. 10 ಸೆಂಟಿಮೀಟರಿಗಿಂತ ದೊಡ್ಡದಾದರೆ ರಾಡಾರಿಗೆ ಕಂಡು, ತಪ್ಪಿಸಿಕೊಳ್ಳಬಹುದು. ಚಂದ್ರಯಾನ-3ರ ಉಡಾವಣೆಯನ್ನು ಇಸ್ರೋ 4 ಸೆಕೆಂಡು ತಡಮಾಡಿದ್ದು ಇದೇ ಕಾರಣಕ್ಕೆ. ನಡುವಿನ ಗಾತ್ರದವು ಕಣ್ಣಿಗೂ ಬೀಳವು, ಕವಚಕ್ಕೂ ನಿಲ್ಲವು.

ಆದ್ದರಿಂದ ಕಸ ಮಾಡದಿರುವುದೇ ದೊಡ್ಡ ಕವಚ. ಈ ಪಾಠ ನಮಗೂ ಸುಲಭವಾಗಿ ಬರಲಿಲ್ಲ. 2001ರ ಡಿಸೆಂಬರಿನಲ್ಲಿ ನಮ್ಮ ಪಿಎಸ್‌ಎಲ್‌ವಿ-ಸಿ3 ರಾಕೆಟ್ಟಿನ ಕೊನೆಯ ಹಂತ ಕಕ್ಷೆಯಲ್ಲೇ ಸಿಡಿದು 300ಕ್ಕೂ ಹೆಚ್ಚು ಚೂರುಗಳಾದವು. ಆಮೇಲಿನ ಪಿಎಸ್‌ಎಲ್‌ವಿಗಳಲ್ಲಿ ಉಳಿದ ಇಂಧನವನ್ನು ಹೊರಬಿಡುವ ಏರ್ಪಾಡು ಬಂತು. 2007ರಲ್ಲಿ ಹಾರಿದ ಕಾರ್ಟೊಸ್ಯಾಟ್-2, ಸುಮ್ಮನೆ ಬಿಟ್ಟಿದ್ದರೆ ಸುಮಾರು 30 ವರ್ಷ ಅಲ್ಲೇ ಸುತ್ತುತ್ತಿತ್ತು. ಉಳಿದ ಇಂಧನದಿಂದಲೇ ಅದರ ಕಕ್ಷೆಯನ್ನು ತಗ್ಗಿಸಿದ್ದರಿಂದ 2024ರ ಫೆಬ್ರವರಿ 14ರಂದು ವಾತಾವರಣ ಹೊಕ್ಕಿತು.

2030ರ ಹೊತ್ತಿಗೆ ಸರ್ಕಾರಿ, ಖಾಸಗಿ ಎನ್ನದೆ ಭಾರತದ ಎಲ್ಲ ಯಾನಗಳೂ ಕಸ ಉಳಿಸಬಾರದೆಂಬುದು ಇಸ್ರೋದ ಗುರಿ. ಹೈದರಾಬಾದಿನಲ್ಲಿ ಈಗ ಖಾಸಗಿ ರಾಕೆಟ್ ಕಂಪನಿಗಳೂ ತಲೆಯೆತ್ತಿವೆ. ಮೇಲೇರುವ ಲೆಕ್ಕ ಹಾಕುವಾಗಲೇ ಕೆಳಗಿಳಿಸುವ ಇಂಧನದ ಲೆಕ್ಕವನ್ನೂ ಅವರು ಹಾಕಿಡಲಿ.