ಹಲವು ಪೆಟ್ಟಿಗೆ, ಒಂದೇ ರೌಟರ್



ಈ ಸಮ್ಮೇಳನಕ್ಕೆ ಬೆಂಗಳೂರಿನಲ್ಲಿ ಸೇರಿರುವ ನಮಗೆ ಹಲವು ಪೆಟ್ಟಿಗೆಗಳಿಂದ ಒಂದೇ ರೌಟರ್ ಕಟ್ಟುವ ವಿಷಯ ಹೊರಗಿನದಲ್ಲ. ಸಿಸ್ಕೊ, ಜುನಿಪರ್ ರೌಟರ್‌ಗಳ ತಂತ್ರಾಂಶ ಬರೆಯುವ ಎಷ್ಟೋ ಕೈಗಳು ಈ ಊರಿನಲ್ಲಿವೆ.

ಕೋರ್ ರೌಟರ್‌ನ ಪೋರ್ಟ್‌ಗಳು ತುಂಬಿದರೆ ಪಕ್ಕದಲ್ಲಿ ಇನ್ನೊಂದು ತಂದಿಡುತ್ತೇವೆ. ಎರಡನ್ನೂ ಜೋಡಿಸಲು ಎರಡರಲ್ಲೂ ಪೋರ್ಟ್ ಬೇಕು. ಮೂರನೆಯದು, ನಾಲ್ಕನೆಯದು ಬಂದಂತೆ ಗ್ರಾಹಕರಿಗೆ ಸಲ್ಲಬೇಕಾದ ಪೋರ್ಟ್‌ಗಳು ರೌಟರ್‌ಗಳ ಒಳಮಾತಿಗೇ ಖರ್ಚಾಗುತ್ತವೆ. ಇದು ಬೆಳವಣಿಗೆಯಲ್ಲ, ಸೋರಿಕೆ.

ಈ ಸೋರಿಕೆಗೆ ಪರಿಹಾರದ ದಾರಿ ಹಳೆಯದೇ. ಸಣ್ಣ ಸ್ವಿಚ್‌ಗಳನ್ನು ಮೂರು ಹಂತಗಳಲ್ಲಿ ಹೆಣೆದರೆ ಎಲ್ಲೂ ಅಡೆತಡೆಯಿಲ್ಲದ ದೊಡ್ಡ ಸ್ವಿಚ್ ಆಗುತ್ತದೆಂದು ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋ 1953ರಲ್ಲೇ ತೋರಿಸಿದ್ದರು. ಅದು ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ. 2004ರಲ್ಲಿ ಬಂದ ಸಿಸ್ಕೊ ಸಿಆರ್‌ಎಸ್-1 ಇದೇ ಹೆಣಿಗೆಯದು: ಹೊರಗಿನ ಪೋರ್ಟ್‌ಗಳಿರುವ 72 ಲೈನ್ ಕಾರ್ಡ್ ಕಪಾಟು, ಅವನ್ನು ಒಳಗೆ ಬೆಸೆಯುವ 8 ಫ್ಯಾಬ್ರಿಕ್ ಕಪಾಟು ಸೇರಿ ಸೆಕೆಂಡಿಗೆ 92 ಟೆರಾಬಿಟ್. ಒಳಬರುವುದನ್ನೂ ಹೊರಹೋಗುವುದನ್ನೂ ಬೇರೆಬೇರೆ ಎಣಿಸಿದ ಲೆಕ್ಕವದು. ಒಮ್ಮೆ ಮಾತ್ರ ಎಣಿಸಿದರೆ ಸುಮಾರು 46. ಕೊಳ್ಳುವಾಗ, ಎಣಿಸಿದ್ದು ಒಮ್ಮೆಯೋ ಎರಡು ಸಲವೋ ಎಂದು ಕೇಳಲು ಸಂಕೋಚ ಬೇಡ.

ಸಿಆರ್‌ಎಸ್-1ರಲ್ಲಿ ಕಪಾಟು, ಕಾರ್ಡು, ತಂತ್ರಾಂಶ ಎಲ್ಲವೂ ಒಂದೇ ಕಂಪನಿಯವು. ಅಮೆರಿಕದ ಎಟಿ ಅಂಡ್ ಟಿ 2019ರಲ್ಲಿ, ಯಂತ್ರಾಂಶದ ವಿನ್ಯಾಸಗಳನ್ನು ಎಲ್ಲರಿಗೂ ತೆರೆದಿಡುವ ಓಪನ್ ಕಂಪ್ಯೂಟ್ ಪ್ರಾಜೆಕ್ಟ್‌ಗೆ ಕೊಟ್ಟ ವಿನ್ಯಾಸ ಆ ಕಟ್ಟನ್ನು ಬಿಚ್ಚಿತು. ಅದರ ದೊಡ್ಡ ರೂಪದಲ್ಲಿ 48 ಲೈನ್ ಪೆಟ್ಟಿಗೆಗಳು, 13 ಫ್ಯಾಬ್ರಿಕ್ ಪೆಟ್ಟಿಗೆಗಳು. ಒಟ್ಟು 192 ಟೆರಾಬಿಟ್. ಪ್ರತಿ ಲೈನ್ ಪೆಟ್ಟಿಗೆಯಿಂದ ಪ್ರತಿ ಫ್ಯಾಬ್ರಿಕ್ ಪೆಟ್ಟಿಗೆಗೆ 400 ಗಿಗಾಬಿಟ್‌ನ ಒಂದು ಕೇಬಲ್, ಅಂದರೆ 624 ಕೇಬಲ್. ಬಂದ ಪ್ಯಾಕೆಟ್ಟನ್ನು ಸೆಲ್‌ಗಳಾಗಿ ಕತ್ತರಿಸಿ ಹದಿಮೂರೂ ಕಡೆ ಹಂಚುತ್ತಾರೆ, ಆಚೆ ಬದಿಯಲ್ಲಿ ಮತ್ತೆ ಜೋಡಿಸುತ್ತಾರೆ. ಆಚೆ ಬದಿ ಒಪ್ಪಿಗೆ ಕೊಟ್ಟ ಮೇಲೆಯೇ ಈಚೆಯಿಂದ ಕಳಿಸುವುದು, ಹಾಗಾಗಿ ನಡುದಾರಿಯಲ್ಲಿ ನೂಕುನುಗ್ಗಲಿಲ್ಲ.

ಹದಿಮೂರೇ ಏಕೆ? ಒಂದು ಲೈನ್ ಪೆಟ್ಟಿಗೆಯ ಹೊರಪೋರ್ಟ್‌ಗಳು 4 ಟೆರಾಬಿಟ್. ಫ್ಯಾಬ್ರಿಕ್ ಕಡೆಗೆ 5.2. ಸೆಲ್‌ಗಳ ತಲೆಬರಹಕ್ಕೆ ಒಂದಿಷ್ಟು ಹೋಗುತ್ತದೆ. ಒಂದು ಫ್ಯಾಬ್ರಿಕ್ ಪೆಟ್ಟಿಗೆ ಸತ್ತರೂ 4.8 ಉಳಿಯುತ್ತದೆ. ಈ ವಿನ್ಯಾಸದಲ್ಲಿ ನನಗೆ ತುಂಬ ಇಷ್ಟವಾದದ್ದು ಕೆಡುಕಿಗೆಂದು ಮೊದಲೇ ಎತ್ತಿಟ್ಟ ಈ ಪಾಲು.

ನನ್ನ ಆತಂಕವಿರುವುದು ಲೋಹದ ಬಗ್ಗೆ ಅಲ್ಲ, ಮಿದುಳಿನ ಬಗ್ಗೆ. 61 ಪೆಟ್ಟಿಗೆಗಳು ಹೊರಗಿನವರಿಗೆ ಒಂದೇ ರೌಟರ್ ಆಗಿ ಕಾಣಬೇಕಾದರೆ ದಾರಿ ನಿರ್ಧರಿಸುವ ತಂತ್ರಾಂಶವೂ ಒಂದೇ ಮಾತಾಡಬೇಕು. ಆ ತಂತ್ರಾಂಶದಲ್ಲಿ ಒಂದು ದೋಷವಿದ್ದರೆ ಅದು ಅರವತ್ತೊಂದಕ್ಕೂ ಒಟ್ಟಿಗೇ ತಗಲುತ್ತದೆ. ಅದನ್ನು ಓಡಿಸುವ ನಿಯಂತ್ರಕಕ್ಕೆ ಮೀಸಲು ಇದೆಯಲ್ಲ ಎನ್ನಬಹುದು; ಮೀಸಲಿನಲ್ಲೂ ಓಡುವುದು ಅದೇ ತಂತ್ರಾಂಶ. ಆದ್ದರಿಂದ ಒಂದು ನಗರದ ಇಡೀ ಹೊರೆಯನ್ನು ಇಂಥ ಒಂದೇ ವ್ಯವಸ್ಥೆಯ ಮೇಲೆ ಹೊರಿಸುವುದು ತಪ್ಪು. ಎರಡು ಚಿಕ್ಕವು ಇರಲಿ. ಒಂದನ್ನು ಅಪ್‌ಗ್ರೇಡ್ ಮಾಡುವ ದಿನ ಇನ್ನೊಂದನ್ನು ಮುಟ್ಟದಿರಲಿ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ಹೊಸ ವ್ಯವಸ್ಥೆಗೆ ಗ್ರಾಹಕರ ಟ್ರಾಫಿಕ್ ಬಿಡುವ ಮುನ್ನ, ಪೂರ್ಣ ಹೊರೆಯಲ್ಲಿ ಒಂದು ಫ್ಯಾಬ್ರಿಕ್ ಪೆಟ್ಟಿಗೆಯ ಕರೆಂಟ್ ತೆಗೆಯಿರಿ, ಆಮೇಲೆ ನಿಯಂತ್ರಕದ್ದು. ಎಷ್ಟು ಪ್ಯಾಕೆಟ್ ಬಿದ್ದವು, ಎಷ್ಟು ಹೊತ್ತಿಗೆ ಚೇತರಿಸಿತು ಎಂದು ಬರೆದಿಡಿ. ಮುಂದಿನ ಸಮ್ಮೇಳನಕ್ಕೆ ಬರುವಾಗ ಆ ಅಂಕಿಗಳನ್ನು, ಸೋತ ಪರೀಕ್ಷೆಗಳದ್ದನ್ನೂ ಸೇರಿಸಿ, ತನ್ನಿ.